ಬೆಕ್ಕಿಗೆ ಬಂದ ವಿಮಾನಯೋಗ

ನಾಯಿ ಒಡೆಯನನ್ನು ನೆಚ್ಚಿ ಬಾಳುತ್ತದೆ. ಬೆಕ್ಕು ಮನೆಯನ್ನು ನೆಚ್ಚಿ ಬಾಳುತ್ತದೆ. ಮನೆಯ ಯಜಮಾನನಿಗೆ ವರ್ಗವಾಗಿ ಸಾಮಾನು ಗಾಡಿಗೇರಿದಾಗ ನಾಯಿ ಗಾಡಿಯ ಹಿಂದೆ ಊರ ಗಡಿಯವರೆಗೂ ಓಡುತ್ತದೆ. ಬೆಕ್ಕಾದರೋ ಬರಿದಾದ ಮನೆಯ ಅಟ್ಟದ ಮೇಲೆ ಕುಳಿತು, ಮುಂದೆ ಬರಲಿರುವ ಬಾಡಿಗೆದಾರರು ಎಷ್ಟು ಹಾಲು ತರಿಸುವವರಿರಬಹುದೆಂದು ನಿಶ್ಚಿಂತೆಯಿಂದ ಯೋಚಿಸುತ್ತದೆ. ಅದರ ಉಪದ್ರವವನ್ನು ತಾಳಲಾರದೆ ಗೋಣಿಚೀಲದಲ್ಲಿ ಕಟ್ಟಿ ಊರಾಚೆಯ ತೋಪಿನಲ್ಲಿ ಬಿಟ್ಟುಬಂದವರು, ಕೈಕಾಲು ತೊಳೆದು ಎಲೆಯ ಮುಂದೆ ಕೂರುವಷ್ಟರಲ್ಲಿ ಅದೇ ಬೆಕ್ಕು ಅಡಿಗೆಮನೆಯ ಹೊಸ್ತಿಲಲ್ಲಿ ಹಾಜರಾಗಿದ್ದ ಕಥೆ ಯಾವ ಮನೆತನದಲ್ಲಿಲ್ಲ? ಬೆಕ್ಕಿಗೆ ತನ್ನ ಮೂಲೆ, ತನ್ನ ಬಿಸಿಲು, ತನ್ನ ವಾಸನೆ ಇವೇ ಜಗತ್ತು. ಅದು ಸ್ಥಾವರಪ್ರಿಯ ಪ್ರಾಣಿ.

ಇಂಥ ಸ್ಥಾವರಪ್ರಿಯ ಪ್ರಾಣಿಯನ್ನು, ಜಂಗಮಗಳಲ್ಲೆಲ್ಲ ಪರಮ ಜಂಗಮವಾದ ವಿಮಾನದಲ್ಲಿ ಕುಳ್ಳಿರಿಸಿಕೊಂಡು ಹಾರುವವರು ಲೋಕದಲ್ಲಿದ್ದಾರೆ. ನೂರಾರು ಜನರನ್ನು ಹೊತ್ತೊಯ್ಯುವ ದೊಡ್ಡ ವಿಮಾನದ ಮಾತಲ್ಲ ಇದು. ಅಲ್ಲಿ ಪಂಜರದ ಅಳತೆಗೂ ಪ್ರಾಣಿಯ ತೂಕಕ್ಕೂ ನಿಯಮಗಳಿವೆ. ಬೇಡವೆನ್ನಲು ಒಬ್ಬ ಅಧಿಕಾರಿಯಾದರೂ ಇರುತ್ತಾನೆ. ಮಾತು ಇರುವುದು ಸ್ವಂತ ಚಿಕ್ಕ ವಿಮಾನದ್ದು: ನಾಲ್ಕು ಆಸನಗಳು, ಮೂಗಿನ ಮೇಲೆ ತಿರುಗುವ ಒಂದೇ ಪಂಖ, ಮಾಲೀಕನೇ ಚಾಲಕ. ಅಮೆರಿಕದಂಥ ದೇಶಗಳಲ್ಲಿ ವೈದ್ಯರೂ ವಕೀಲರೂ ವ್ಯಾಪಾರಿಗಳೂ ಇಂಥ ವಿಮಾನಗಳನ್ನಿಟ್ಟುಕೊಂಡು, ರಜಾದಿನಗಳಲ್ಲಿ ಕಾರನ್ನೇರುವಂತೆ ಏರಿ ಹೋಗುತ್ತಾರೆ. ಅದರೊಳಗೆ ಮಾಲೀಕನ ಮನಸ್ಸೇ ಬಹುಮಟ್ಟಿಗೆ ಶಾಸನ. ಅವನು ಬೆಕ್ಕನ್ನು ಕರೆತಂದರೆ ಬೇಡವೆನ್ನುವವರಾರು? ಬೆಕ್ಕೇ ಹೇಳಬೇಕು, ಅದರ ಮಾತನ್ನು ಅರ್ಥಮಾಡಿಕೊಳ್ಳುವವರು ಬೇಕು.

ಈ ವಿಚಿತ್ರ ಸಹವಾಸ ಹೊಸದೇನೂ ಅಲ್ಲ, ವಿಮಾನದಷ್ಟೇ ಹಳೆಯದೆನ್ನಬಹುದು. ೧೯೦೯ರ ಜುಲೈಯಲ್ಲಿ ಫ್ರಾನ್ಸಿನ ಬ್ಲೇರಿಯೋ ಮೊತ್ತಮೊದಲಿಗೆ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದಾಗ ಒಂಟಿಯಾಗಿದ್ದ. ಜೊತೆಗೊಬ್ಬ ಪ್ರಯಾಣಿಕನನ್ನು ಕೂರಿಸಿಕೊಂಡು ಅದೇ ನೀರನ್ನು ಮೊದಲು ದಾಟಿದವನು ಜಾನ್ ಮೊಯ್ಸಾಂಟ್ ಎಂಬ ಅಮೆರಿಕನ್. ದಿನ ೧೯೧೦ರ ಆಗಸ್ಟ್ ೧೭. ಪ್ಯಾರಿಸಿನಿಂದ ಲಂಡನ್ನಿಗೆ ಹಾರಬೇಕೆಂಬ ಹಟ ಅವನದು. ವಿಮಾನವೋ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ, ತಲೆಯ ಮೇಲೆ ಸೂರಿಲ್ಲದ ಬ್ಲೇರಿಯೋ ಯಂತ್ರ. ಅದರಲ್ಲಿ ಅವನೊಡನೆ ಕುಳಿತಿದ್ದವರು ಇಬ್ಬರು. ಒಬ್ಬ, ಅವನ ಮೆಕ್ಯಾನಿಕ್ ಆಲ್ಬೆರ್ ಫಿಲೋ. ಇನ್ನೊಬ್ಬಳು ಮದ್ಮೊಜೆಲ್ ಫೀಫಿ. ಕನ್ನಡದಲ್ಲಿ ಹೇಳುವುದಾದರೆ, ಕುಮಾರಿ ಫೀಫಿ. ಆಕೆ ಬೆಕ್ಕಿನ ಮರಿ.

ಕಡಲನ್ನು ದಾಟಿ ಕೆಂಟ್ ಪ್ರಾಂತದ ಟಿಲ್ಮನ್‌ಸ್ಟನ್ ಎಂಬ ಹಳ್ಳಿಯ ಬಳಿ ಮೂವರೂ ಕ್ಷೇಮವಾಗಿ ಇಳಿದರು. ಅಲ್ಲಿಂದ ಲಂಡನ್ನಿಗೆ ಕೂಗಳತೆ ಎಂದುಕೊಂಡರೆ, ಹೆಜ್ಜೆಹೆಜ್ಜೆಗೂ ಯಂತ್ರ ಕೆಟ್ಟು, ಗಾಳಿ ಎದುರಾಗಿ, ಆ ಕೊನೆಯ ಹಾದಿಗೇ ಸುಮಾರು ಮೂರು ವಾರ ಹಿಡಿಯಿತು. ನಡೆದೇ ಹೋಗಿದ್ದರೂ ಮೊದಲೇ ತಲಪಬಹುದಾಗಿತ್ತು. ಕುಮಾರಿ ಫೀಫಿ ಈ ವಿಳಂಬದ ಬಗ್ಗೆ ಯಾವ ಹೇಳಿಕೆಯನ್ನೂ ಕೊಟ್ಟಂತಿಲ್ಲ.

ಬೀದಿಯಲ್ಲಿ ಬೆಕ್ಕು ಅಡ್ಡಬಂದರೆ ಹೊರಟ ಕೆಲಸವನ್ನೇ ಬಿಟ್ಟು, ಮನೆಗೆ ಮರಳಿ, ನೀರು ಕುಡಿದು ಹೊರಡುವ ಜನ ಈ ಕಥೆಯನ್ನು ಕೇಳಿ ಕಣ್ಣರಳಿಸಬಹುದು. ಆದರೆ ಪಶ್ಚಿಮದ ನಾವಿಕರಲ್ಲಿ ಹಡಗಿನ ಬೆಕ್ಕು ಶುಭಶಕುನ. ಕಡಲಿನ ಆ ನಂಬಿಕೆಯೇ ಮೊದಲ ವೈಮಾನಿಕರೊಂದಿಗೆ ಆಕಾಶಕ್ಕೂ ಏರಿತು. ಯಂತ್ರವನ್ನು ನಂಬಲಾಗದ ಕಾಲದಲ್ಲಿ ಮನುಷ್ಯ ಅದೃಷ್ಟವನ್ನು ನಂಬುತ್ತಾನೆ. ಅದೃಷ್ಟಕ್ಕೆ ಮೀಸೆಯೂ ಬಾಲವೂ ಇದ್ದರೆ ಇನ್ನಷ್ಟು ಧೈರ್ಯ. ಅದೇ ವರ್ಷದ ಡಿಸೆಂಬರ್ ೩೧ರಂದು ನ್ಯೂ ಆರ್ಲಿಯನ್ಸ್ ನಗರದ ಬಳಿ ಮೊಯ್ಸಾಂಟ್ ತನ್ನ ವಿಮಾನದಿಂದ ಹೊರಕ್ಕೆ ಎಸೆಯಲ್ಪಟ್ಟು ಮಡಿದ. ಆ ನಗರದ ವಿಮಾನನಿಲ್ದಾಣವನ್ನು ಗುರುತಿಸುವ ಎಂ.ಎಸ್.ವೈ. ಎಂಬ ಮೂರಕ್ಷರಗಳಲ್ಲಿ ಇಂದಿಗೂ ಅವನ ಹೆಸರಿನ ಎಳೆ ಉಳಿದಿದೆ. ಕಡಲ ಮೇಲೆ ಕಾಯ್ದ ಅದೃಷ್ಟ ನೆಲದ ಮೇಲೆ ಕಾಯಲಿಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಆ ಕಡಲಿನ ಮೇಲೆ ಬಟ್ಟೆಯ ರೆಕ್ಕೆ ಹರಿದಿದ್ದರೆ ಫೀಫಿಯ ಗತಿಯೇನು? ಮೊಯ್ಸಾಂಟನಿಗೆ ಕೀರ್ತಿ ಬೇಕಾಗಿತ್ತು. ಫಿಲೋಗೆ ಅದು ಉದ್ಯೋಗ. ಫೀಫಿಗೆ ಏನು ಬೇಕಾಗಿತ್ತು?

ಬೆಕ್ಕಿಗೆ ಏನು ಬೇಕೆಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ಸಾರಿದ ಇನ್ನೊಂದು ಬೆಕ್ಕೂ ಅದೇ ವರ್ಷದ್ದೇ. ಅದು ಪ್ರಯಾಣ ಮಾಡಿದ್ದು ವಿಮಾನದಲ್ಲಲ್ಲ, ಅನಿಲ ತುಂಬಿದ ವಾಯುನೌಕೆಯಲ್ಲಿ. ೧೯೧೦ರ ಅಕ್ಟೋಬರ್ ೧೫ರಂದು ವಾಲ್ಟರ್ ವೆಲ್ಮನ್ ಎಂಬ ಸಾಹಸಿ 'ಅಮೆರಿಕ' ಎಂಬ ತನ್ನ ನೌಕೆಯಲ್ಲಿ ಐವರು ಸಂಗಡಿಗರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಲು ಹೊರಟ. ಕಿಡ್ಡೋ ಎಂಬ ಬೂದುಬಣ್ಣದ ಬೆಕ್ಕೂ ಅದರಲ್ಲಿತ್ತು. ನೆಲ ಕಾಲಿನಿಂದ ಜಾರಿದ್ದೇ ತಡ, ಅದು ಅತ್ತಿತು, ಕಿರುಚಿತು, ಸಿಕ್ಕಿಸಿಕ್ಕಿದಲ್ಲಿ ಓಡಿತು. ಇಂಜಿನಿಯರು ರೋಸಿಹೋಗಿ, ಈ ಹಾಳು ಬೆಕ್ಕನ್ನು ಬಂದು ಒಯ್ಯಿರೆಂದು ನಿಸ್ತಂತು ಸಂದೇಶ ಕಳುಹಿಸಿದ. ಆಕಾಶದಿಂದ ಹೊರಟ ಮೊದಮೊದಲ ನಿಸ್ತಂತು ವಾರ್ತೆಗಳಲ್ಲಿ ಬೆಕ್ಕಿನ ಮೇಲಿನ ದೂರೂ ಒಂದೆಂಬುದು ಚರಿತ್ರೆಯ ವಿನೋದ. ಚೀಲದಲ್ಲಿಟ್ಟು ಕೆಳಗಿದ್ದ ದೋಣಿಗೆ ಇಳಿಸಲು ನೋಡಿದರು. ಅಲೆಗಳು ಎತ್ತರವಾಗಿದ್ದುದರಿಂದ ಮತ್ತೆ ಮೇಲಕ್ಕೆಳೆದುಕೊಂಡರು. ಮೂರು ದಿನಗಳ ಅನಂತರ ಯಾತ್ರೆ ಮುರಿದುಬಿದ್ದು, ದಾರಿಯಲ್ಲಿ ಸಿಕ್ಕ 'ಟ್ರೆಂಟ್' ಎಂಬ ಹಡಗು ಎಲ್ಲರನ್ನೂ ಬದುಕಿಸಿತು. ಕಿಡ್ಡೋ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲವು ಕಾಲ ಸಾರ್ವಜನಿಕರಿಗೆ ದರ್ಶನ ಕೊಟ್ಟಿತು. ಬೆಕ್ಕಿನ ಆಕ್ಷೇಪಣೆ ಕಿವಿಗೆ ಬಿದ್ದಿತ್ತು. ಆದರೆ ಆಗ ಇಳಿಸುವ ಹೊತ್ತು ಮೀರಿತ್ತು. ಕೇಳುವುದಾದರೆ ನೆಲದ ಮೇಲಿರುವಾಗಲೇ ಕೇಳಬೇಕು.

ಹಾಗೆ ನೆಲದ ಮೇಲೆಯೇ ಕೇಳಿಕೊಂಡವನೆಂದು ಹೆಸರಾದವನು ಚಾರ್ಲ್ಸ್ ಲಿಂಡ್‌ಬರ್ಗ್. ೧೯೨೭ರ ಮೇ ೨೦ ಮತ್ತು ೨೧ರಂದು, ಮೂವತ್ತಮೂರೂವರೆ ಗಂಟೆಗಳ ಕಾಲ ಒಬ್ಬನೇ ಎಚ್ಚರವಾಗಿದ್ದು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹಾರಿದ ಧೀರ. ಅವನ ಬಳಿ ಪ್ಯಾಟ್ಸಿ ಎಂಬ ಬೆಕ್ಕಿನ ಮರಿಯೊಂದಿತ್ತು. ಆ ಮಹಾಯಾನಕ್ಕೆ ಅದನ್ನು ಅವನು ಕರೆದೊಯ್ಯಲಿಲ್ಲ; ಬೆಕ್ಕಿನ ಪ್ರಾಣವನ್ನು ಪಣಕ್ಕಿಡುವಂಥ ಪ್ರಯಾಣ ಅದಲ್ಲವೆಂದು ಹೇಳಿದನೆಂಬ ಪ್ರತೀತಿಯಿದೆ. ತೂಕ ಇಳಿಸಲು ನಿಸ್ತಂತು ಯಂತ್ರವನ್ನೂ ಪ್ಯಾರಾಷೂಟನ್ನೂ ಬಿಟ್ಟುಹೊರಟವನು ಅವನು. ಬೆಕ್ಕನ್ನು ಬಿಟ್ಟುದೂ ತೂಕದ ಲೆಕ್ಕವೇ ಎಂದು ಕುಹಕಿಗಳು ಹೇಳಿಯಾರು. ಆದರೆ ಪ್ರತೀತಿಯೇ ನಿಜವೆಂದಿಟ್ಟುಕೊಂಡರೆ, ತನ್ನ ಪ್ರಾಣಕ್ಕೆ ಕಟ್ಟದ ಬೆಲೆಯನ್ನು ಬೆಕ್ಕಿನ ಪ್ರಾಣಕ್ಕೆ ಕಟ್ಟಿದ ಆ ಮನಸ್ಸು ದೊಡ್ಡದು. ೧೯೩೦ರಲ್ಲಿ ಸ್ಪೇನ್ ದೇಶ ಹೊರಡಿಸಿದ ಅಂಚೆಚೀಟಿಯೊಂದರಲ್ಲಿ ಲಿಂಡ್‌ಬರ್ಗನ ವಿಮಾನ ಮೇಲೆ ಹಾರುತ್ತಿದೆ. ಕೆಳಮೂಲೆಯಲ್ಲಿ ಪುಟ್ಟ ಬೆಕ್ಕೊಂದು ಅದನ್ನು ನೋಡುತ್ತ ಕುಳಿತಿದೆ. ಹಾರಿದವನ ಪಕ್ಕದಲ್ಲಿ ಹಾರದೆ ಉಳಿದುದಕ್ಕೂ ಸ್ಥಾನ ಕೊಟ್ಟ ಚಿತ್ರಕಾರನನ್ನು ಮೆಚ್ಚಬೇಕು.

ಒಬ್ಬನದು ಬಿಟ್ಟಿರಲಾರದ ಪ್ರೀತಿ, ಇನ್ನೊಬ್ಬನದು ಬಿಟ್ಟುಹೋಗಬಲ್ಲ ಪ್ರೀತಿ. ಎರಡರಲ್ಲಿ ಯಾವುದು ಹೆಚ್ಚು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆಯಲ್ಲಿ ಬೆಕ್ಕಿನ ಸ್ಥಾನಕ್ಕೆ ಮನುಷ್ಯನೂ ಇಲಿಯ ಸ್ಥಾನಕ್ಕೆ ಬೆಕ್ಕೂ ಬಂದು ನಿಂತರೆ ಉತ್ತರ ತಾನಾಗಿ ಹೊಳೆಯುತ್ತದೆ. ಆದರೆ ಸಂಕಟವೆಂಥದೆಂಬುದನ್ನು ತಿಳಿಯದೆ ತೀರ್ಪು ಕೊಡಬಾರದು.

ಚಿಕ್ಕ ವಿಮಾನದಲ್ಲಿ ಬೆಕ್ಕಿಗಾಗುವ ಮೊದಲ ಬಾಧೆ ಸದ್ದಿನದು. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗಿನ ಧ್ವನಿಯನ್ನು ಹಿಡಿದರೆ, ಬೆಕ್ಕಿನ ಕಿವಿ ಅರುವತ್ತು ಸಾವಿರವನ್ನೂ ಮೀರಿ ಹಿಡಿಯುತ್ತದೆ. ಗೋಡೆಯಾಚೆಯ ಇಲಿಯ ಪಿಸುಮಾತನ್ನು ಕೇಳಲೆಂದು ಪ್ರಕೃತಿ ರೂಪಿಸಿದ ಕಿವಿ ಅದು. ಚಾಲಕನು ತನ್ನ ಕಿವಿಗಳಿಗೆ ದಪ್ಪ ಮುಚ್ಚಳ ಹಾಕಿಕೊಂಡು ಕುಳಿತಿರುವಾಗ, ಹಿಂದಿನ ಆಸನದ ಬೆಕ್ಕು ಇಂಜಿನಿನ ಆ ಆರ್ಭಟವನ್ನು ಬರಿಗಿವಿಯಲ್ಲಿ ಕೇಳುತ್ತಿರುತ್ತದೆ. ಎರಡನೆಯದು ಗಾಳಿಯದು. ದೊಡ್ಡ ವಿಮಾನದಂತೆ ಚಿಕ್ಕದರಲ್ಲಿ ಒಳಗಿನ ಗಾಳಿಯೊತ್ತಡವನ್ನು ಕಾಪಾಡುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಹತ್ತು ಸಾವಿರ ಅಡಿ ಏರಿದರೆ ಗಾಳಿಯ ಒತ್ತಡ ಕಡಲಮಟ್ಟದ ಹತ್ತರಲ್ಲಿ ಏಳು ಪಾಲಿಗೆ ಇಳಿಯುತ್ತದೆ; ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿಯಂತೆ ಹೊರಗಿನ ಶಾಖವೂ ಕುಗ್ಗುತ್ತದೆ. ಅಮೆರಿಕದ ನಿಯಮದ ಪ್ರಕಾರ ೧೨,೫೦೦ ಅಡಿಗಳ ಮೇಲೆ ಅರ್ಧ ಗಂಟೆ ಮೀರಿ ಹಾರುವ ಚಾಲಕನು ಆಮ್ಲಜನಕವನ್ನು ಬಳಸಲೇಬೇಕು. ಬೆಕ್ಕಿಗೆ ಅಂಥ ನಿಯಮವಿಲ್ಲ. ತಲೆ ಸುತ್ತುತ್ತಿದೆಯೆಂದು ಹೇಳುವ ಬಾಯಿಯೂ ಇಲ್ಲ. ಇಳಿಯುವಾಗ ಕಿವಿ ಕಟ್ಟಿದರೆ ಮನುಷ್ಯ ಉಗುಳು ನುಂಗಿ ಸರಿಪಡಿಸಿಕೊಳ್ಳುತ್ತಾನೆ. ಬೆಕ್ಕಿಗೆ ಆ ಉಪಾಯವನ್ನು ಹೇಳಿಕೊಡುವವರಿಲ್ಲ.

ಮೂರನೆಯ ಬಾಧೆ ಬೆಕ್ಕಿನಿಂದಲೇ ಎಲ್ಲರಿಗೂ ಬರತಕ್ಕದ್ದು. ಹೆದರಿದ ಬೆಕ್ಕು ಕತ್ತಲೆಯ ಇಕ್ಕಟ್ಟಾದ ಮೂಲೆಯನ್ನು ಹುಡುಕುತ್ತದೆ. ಮನೆಯಲ್ಲಾದರೆ ಅದು ಕಣಜದ ಹಿಂದೆ, ಮಂಚದ ಕೆಳಗೆ. ಚಿಕ್ಕ ವಿಮಾನದಲ್ಲಿ ಅಂಥ ಮೂಲೆ ಚಾಲಕನ ಕಾಲಬುಡ. ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಪಾದದ ಹಲಗೆಗಳಿರುವುದೂ ಅಲ್ಲಿಯೇ. ನೆಲಕ್ಕಿಳಿಯುವ ಹೊತ್ತಿನಲ್ಲಿ ಆ ಹಲಗೆಗಳ ಹಿಂದೆ ಬೆಕ್ಕು ಸೇರಿಕೊಂಡರೆ ಮುಂದಿನದನ್ನು ಬರೆಯಬೇಕಾಗಿಲ್ಲ. ಆದುದರಿಂದ ಬಲ್ಲವರು ಮಡಿಲಲ್ಲಿ ಬೆಕ್ಕನ್ನಿಟ್ಟುಕೊಂಡು ಹಾರುವುದಿಲ್ಲ. ಗಟ್ಟಿಯಾದ ಬುಟ್ಟಿಯಲ್ಲಿಟ್ಟು, ಆ ಬುಟ್ಟಿಯನ್ನು ಹಿಂದಿನ ಆಸನಕ್ಕೆ ಪಟ್ಟಿಯಿಂದ ಬಿಗಿಯುತ್ತಾರೆ. ಪ್ರಯಾಣಕ್ಕೆ ವಾರಗಳ ಮೊದಲೇ ಬುಟ್ಟಿಯನ್ನು ಮನೆಯ ಮೂಲೆಯಲ್ಲಿ ತೆರೆದಿಟ್ಟು, ಬೆಕ್ಕು ಮಲಗುವ ಹಳೆಯ ಬಟ್ಟೆಯನ್ನು ಅದರಲ್ಲಿ ಹಾಸುತ್ತಾರೆ. ಬುಟ್ಟಿಯೇ ಒಂದು ಕಿರುಮನೆಯಾದರೆ ಸ್ಥಾವರಪ್ರಿಯನಿಗೆ ಅರ್ಧ ಸಮಾಧಾನ. ಮೊದಲ ಹಾರಾಟ ಕೆಲವೇ ನಿಮಿಷಗಳದು, ತಗ್ಗಿನಲ್ಲಿ. ನಿದ್ದೆಯ ಮದ್ದು ಕೊಟ್ಟು ಒಯ್ಯುವುದು ಸುಲಭವೆಂದು ತೋರಬಹುದು; ಆದರೆ ಅದು ರಕ್ತದೊತ್ತಡವನ್ನೂ ಮೈಯ ಶಾಖವನ್ನೂ ಏರುಪೇರು ಮಾಡಬಹುದಾದ್ದರಿಂದ ಪಶುವೈದ್ಯರನ್ನು ಕೇಳದೆ ಕೊಡಲಾಗದು. ಇಳಿದ ಮೇಲೂ ನಾಲ್ಕು ಗೋಡೆಗಳೊಳಗೆ ಹೋಗಿ ಕದ ಮುಚ್ಚುವವರೆಗೆ ಬುಟ್ಟಿಯನ್ನು ತೆರೆಯತಕ್ಕದ್ದಲ್ಲ. ಅರಿಯದ ಬಯಲಿನಲ್ಲಿ ಜಿಗಿದೋಡಿದ ಬೆಕ್ಕಿಗೆ ಮರಳಿಬರಲು ಅಲ್ಲಿ ಯಾವ ಹೊಸ್ತಿಲಿದೆ?

ಕರೆಯದೆಯೇ ಹತ್ತಿದ ಬೆಕ್ಕೂ ಒಂದುಂಟು. ೨೦೧೫ರಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಸೀಮೆಯ ಕೂರೂ ಎಂಬಲ್ಲಿ, ಅತಿ ಹಗುರವಾದ ಪುಟ್ಟ ವಿಮಾನವೊಂದು ಮೇಲೇರಿತು. ಕೊಂಚ ಹೊತ್ತಿನಲ್ಲಿ ರೆಕ್ಕೆಯ ಸಂದಿನಿಂದ ಬೆಕ್ಕೊಂದು ತಲೆ ಹೊರಹಾಕಿತು. ರಾತ್ರಿಯ ನಿದ್ದೆಗೆ ಹೇಳಿಮಾಡಿಸಿದ ಮೂಲೆಯೆಂದು ಅದು ಅಲ್ಲಿ ಮಲಗಿದ್ದಿರಬೇಕು. ಕಣ್ಣು ಬಿಟ್ಟರೆ ಮನೆಯೇ ಹಾರುತ್ತಿದೆ! ಚಾಲಕನು ಗಾಬರಿಗೊಳ್ಳದೆ ಮೆಲ್ಲನೆ ಹಿಂದಿರುಗಿ ಇಳಿಸಿದ. ರೆಕ್ಕೆಗೆ ಉಗುರೂರಿ ಹಿಡಿದಿದ್ದ ಬೆಕ್ಕು ಒಂದು ಗಾಯವೂ ಇಲ್ಲದೆ ನೆಲ ಮುಟ್ಟಿತು. ಹೊರಡುವ ಮುನ್ನ ವಿಮಾನದ ಮೂಲೆಮುಡುಕುಗಳನ್ನೆಲ್ಲ ತಪಾಸಣೆ ಮಾಡಬೇಕೆಂಬ ಪಾಠವನ್ನು ಅದಕ್ಕಿಂತ ಚೆನ್ನಾಗಿ ಕಲಿಸಿದ ಗುರುವಿಲ್ಲ.

ಇಷ್ಟೆಲ್ಲ ಸಂಕಟವಿರುವಾಗ ಬೆಕ್ಕನ್ನು ವಿಮಾನಕ್ಕೆ ಏರಿಸಲೇಬಾರದೆನ್ನೋಣವೇ? ಹಾಗೆನ್ನಹೊರಟವರ ಬಾಯಿ ಕಟ್ಟುವ ಒಂದು ಸಂಗತಿ ಅಮೆರಿಕದಲ್ಲಿದೆ. ಅಲ್ಲಿ ಎಷ್ಟೋ ಊರುಗಳ ಪ್ರಾಣಿಶಾಲೆಗಳಲ್ಲಿ ದಿಕ್ಕಿಲ್ಲದ ನಾಯಿ ಬೆಕ್ಕುಗಳು ಕಿಕ್ಕಿರಿಯುತ್ತವೆ. ಸ್ಥಳವಿಲ್ಲವೆಂಬ ಒಂದೇ ಕಾರಣಕ್ಕೆ ಅನೇಕವನ್ನು ಸಾಯಿಸಲಾಗುತ್ತದೆ. ನೂರಾರು ಮೈಲಿಯಾಚೆಯ ಇನ್ನೊಂದು ಊರಿನಲ್ಲಿ ಅವನ್ನು ಸಾಕಲು ಕಾದಿರುವ ಮನೆಗಳುಂಟು. ನಡುವಿನ ದಾರಿಯನ್ನು ತುಂಬಲು ೨೦೦೮ರಲ್ಲಿ 'ಪೈಲಟ್ಸ್ ಎನ್ ಪಾಸ್' ಎಂಬ ಸಂಸ್ಥೆ ಹುಟ್ಟಿತು. ಸ್ವಂತ ವಿಮಾನವುಳ್ಳವರು ತಮ್ಮ ಬಿಡುವಿನ ದಿನ, ತಮ್ಮದೇ ಖರ್ಚಿನ ಎಣ್ಣೆ ಸುಟ್ಟು ಈ ಪ್ರಾಣಿಗಳನ್ನು ಒಯ್ಯುತ್ತಾರೆ. ದಾರಿ ದೂರವಾದರೆ ಒಬ್ಬನು ಒಂದು ಹಂತ ಹಾರಿ ಇಳಿಸುತ್ತಾನೆ. ಹಿಂದಿನ ಕಾಲದ ಅಂಚೆಯ ಓಲೆಯಂತೆ ಮುಂದಿನವನು ಎತ್ತಿಕೊಳ್ಳುತ್ತಾನೆ. ಆ ಬೆಕ್ಕುಗಳಿಗೂ ಸದ್ದು ಅಷ್ಟೇ, ಭಯವೂ ಅಷ್ಟೇ. ಆದರೆ ಕೊನೆಗೆ ಇಳಿದಾಗ ಅವಕ್ಕೊಂದು ಹೊಸ್ತಿಲು ಕಾದಿರುತ್ತದೆ.

ಹೀಗಾಗಿ, ಜೊತೆಗೊಯ್ಯುವುದು ಹೆಚ್ಚೋ ಬಿಟ್ಟುಹೋಗುವುದು ಹೆಚ್ಚೋ ಎಂಬ ಪ್ರಶ್ನೆಗಿಂತ ಈ ಪ್ರಯಾಣ ಯಾರಿಗಾಗಿ ಎಂಬ ಪ್ರಶ್ನೆ ಹಿರಿದು. ಫೀಫಿ ಹಾರಿದ್ದು ಮೊಯ್ಸಾಂಟನ ಅದೃಷ್ಟಕ್ಕಾಗಿ; ಪ್ಯಾಟ್ಸಿ ಉಳಿದದ್ದು ಪ್ಯಾಟ್ಸಿಗಾಗಿ; ಹೆಸರೂ ಇಲ್ಲದ ಆ ಅನಾಥ ಬೆಕ್ಕುಗಳು ಹಾರುತ್ತಿರುವುದು ತಮಗಾಗಿಯೇ. ಸಾಕಿದ ಜೀವ ತನ್ನ ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಹೂಂ ಎನ್ನುವ ಅಧಿಕಾರ ಕೈಯಲ್ಲಿರುವವನಿಗೆ ಅದರ ಪರವಾಗಿ ಬೇಡವೆನ್ನುವ ಹೊಣೆಯೂ ಇದೆ. ಮಾತು ಬಾರದ ಮಕ್ಕಳನ್ನೂ ಮಾತು ನಿಂತ ಮುದುಕರನ್ನೂ ಸಲಹುವ ಸಂಸಾರಗಳಿಗೆ ಈ ಧರ್ಮವನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.