ಜಾಮೀನು ಸಿಕ್ಕ ತಾರೀಖು

ಜೈಲುಗಳ ಲೆಕ್ಕವೇ ಸಿಗುವುದಿಲ್ಲ ಎಂದು ದೂರುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ದಪ್ಪ ವರದಿಯನ್ನೇ ಕೊಡುತ್ತದೆ. 2022ರ ಡಿಸೆಂಬರ್ 31ಕ್ಕೆ ದೇಶದ ಜೈಲುಗಳಲ್ಲಿ 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು! ಆದರೆ ಈ ಲೆಕ್ಕ ಓದಲು ಸಿಕ್ಕಿದ್ದು ಸುಮಾರು ಒಂದು ವರ್ಷದ ಮೇಲೆ. ಅಷ್ಟರಲ್ಲಿ ಅವರಲ್ಲಿ ಯಾರು ಹೊರಗೆ ಬಂದರೋ, ಯಾರು ಅಲ್ಲೇ ಉಳಿದರೋ.

ನಾನು ಗಣಿತದ ಮೇಷ್ಟ್ರು, ಈಗ ನಿವೃತ್ತ. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕನಾಗಿ ಹದಿನೈದು ದಿನಕ್ಕೊಮ್ಮೆ ನಮ್ಮ ಕಡೆಯ ಒಂದು ಜೈಲಿಗೆ ಹೋಗುತ್ತೇನೆ. ಒಳಬಾಗಿಲ ಪಕ್ಕ ಒಂದು ಬೋರ್ಡಿದೆ. ಶಿಕ್ಷೆಯಾದವರು ಇಷ್ಟು, ವಿಚಾರಣಾಧೀನರು ಇಷ್ಟು, ಒಟ್ಟು ಇಷ್ಟು. ಹಳೇ ಚಾಳಿ, ಕೂಡಿ ನೋಡುತ್ತೇನೆ. ಒಂದು ದಿನವೂ ತಪ್ಪಿಲ್ಲ.

ಕಳೆದ ಮಳೆಗಾಲದಲ್ಲಿ ಗಾರೆ ಕೆಲಸದ ಹುಡುಗನೊಬ್ಬ ಕೇಳಿದ: "ಸಾರ್, ನಂಗೆ ಜಾಮೀನು ಆಗೈತಂತೆ, ಹೌದಾ?"

ಆಗಿತ್ತು, ನಲವತ್ತೊಂದು ದಿನದ ಹಿಂದೆಯೇ. ಶ್ಯೂರಿಟಿಗೆ ಪಹಣಿ ತರುವವರು ಅವನ ಕಡೆ ಯಾರೂ ಇರಲಿಲ್ಲ. ಅಷ್ಟೂ ದಿನ ಅವನು ಬೋರ್ಡಿನ ಮೊತ್ತದಲ್ಲಿ ಸರಿಯಾಗಿಯೇ ಸೇರಿಕೊಂಡಿದ್ದ.

ಇಂಥವರಿಗಾಗಿಯೇ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ದಾರಿ ಹಾಕಿಕೊಟ್ಟಿದೆ. ಜಾಮೀನು ಸಿಕ್ಕ ತಾರೀಖನ್ನು ಜೈಲಿನ ಕಂಪ್ಯೂಟರಿನಲ್ಲಿ ನಮೂದಿಸಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ನಮ್ಮ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಈ ಹುಡುಗನ ತಾರೀಖಿನ ಜಾಗ ಖಾಲಿ ಇತ್ತು. ಖಾಲಿ ಇದ್ದ ಮೇಲೆ ಏಳು ದಿನ ಎಣಿಸುವುದು ಎಲ್ಲಿಂದ? ಗುಮಾಸ್ತರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮೂರು ಜನರ ಕೆಲಸಕ್ಕೆ ಅವರೊಬ್ಬರೇ. ಮೇಲಿನವರು ದಿನಾ ಕೇಳುವುದೂ ಒಟ್ಟು ಸಂಖ್ಯೆಯನ್ನೇ.

ತಾರೀಖು ಹಿಡಿದು ಕಾರ್ಯದರ್ಶಿಯವರ ಬಳಿ ಹೋದೆ. ಅರ್ಜಿ ಹೋಯಿತು, ನ್ಯಾಯಾಧೀಶರು ಸ್ವಂತ ಬಾಂಡಿನ ಮೇಲೆ ಬಿಡಲು ಒಪ್ಪಿದರು. ಐದನೇ ದಿನ ಹುಡುಗ ಊರಿಗೆ ಹೋದ.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನದೂ ಇದೇ ಕಥೆ. ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಕೆಲವು ಅಪವಾದ ಬಿಟ್ಟು, ಬಿಡುಗಡೆಗೆ ಅರ್ಹರು. ಕೋರ್ಟಿಗೆ ಬರೆಯಬೇಕಾದವರು ಸೂಪರಿಂಟೆಂಡೆಂಟರು. ಅದಕ್ಕೂ ಬೇಕಾದದ್ದು ಒಳಗೆ ಬಂದ ತಾರೀಖು.

"ಜಾಮೀನು ಸಿಕ್ಕಿಯೂ ಏಳು ದಿನ ದಾಟಿದವರು ಎಂದು ಬೋರ್ಡಿನಲ್ಲಿ ಇನ್ನೊಂದು ಸಾಲು ಬರೆಸಿ ಸಾರ್" ಎಂದು ಸಾಹೇಬರನ್ನು ಕೇಳಿದೆ. ಹೆಸರು ಬೇಡ, ಸಂಖ್ಯೆ ಸಾಕು.

"ಬರೆದರೆ ಬಂದವರೆಲ್ಲ ಯಾಕೆ ಅಂತ ಕೇಳ್ತಾರಲ್ಲ ಮೇಷ್ಟ್ರೇ" ಎಂದು ನಕ್ಕರು.

ಸದ್ಯಕ್ಕೆ ಆ ಸಾಲು ನನ್ನ ನೋಟುಬುಕ್ಕಿನಲ್ಲಿದೆ. ಈ ವಾರ ಆರು ಜನ.