ಪಟ್ಟಿ ಅಳೆಯುವುದು ಏನನ್ನು?

ಬೆಂಗಳೂರಿನ ಗಾಂಧಿಬಜಾರಿನ ಪುಸ್ತಕದಂಗಡಿಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ: 'ಈಗ ಯಾವುದು ಚೆನ್ನಾಗಿ ಹೋಗ್ತಿದೆ?' ಅದಕ್ಕೆ ಉತ್ತರ ಕೊಡುವುದಷ್ಟೇ 'ಹೆಚ್ಚು ಮಾರಾಟವಾದ ಪುಸ್ತಕಗಳ' ಪಟ್ಟಿಯ ಕೆಲಸ. ಅದು ವೇಗದ ಲೆಕ್ಕ, ಗುಣದ್ದಲ್ಲ. ಕನ್ನಡದಲ್ಲಿ ಒಂದು ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ; ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿದ ಒಂದು ಬಿಡುಗಡೆ ಸಮಾರಂಭವೇ ಪುಸ್ತಕವನ್ನು ಪಟ್ಟಿಯ ತುದಿಗೇರಿಸಬಲ್ಲದು.

ಕಥೆಗಾರ್ತಿ ಬಾನು ಮುಷ್ತಾಕ್ ಅವರನ್ನೇ ನೋಡಿ. 'ಹಾರ್ಟ್ ಲ್ಯಾಂಪ್'ನ ಕಥೆಗಳನ್ನು ಅವರು ಮೂರು ದಶಕಗಳ ಅವಧಿಯಲ್ಲಿ ಬರೆದರು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದೇ ತಡ, ಕನ್ನಡ ಮೂಲಕ್ಕೂ ಹುಡುಕಾಟ ಶುರುವಾಯಿತು. ಕಥೆಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಹಾಗೆಂದು ಜನ ಮೆಚ್ಚಿದ್ದೆಲ್ಲ ಜೊಳ್ಳು ಎನ್ನುವುದು ಅನ್ಯಾಯ. ತೇಜಸ್ವಿಯವರ 'ಕರ್ವಾಲೊ' 1980ರಿಂದ ಓದುಗರನ್ನೂ ವಿಮರ್ಶಕರನ್ನೂ ಒಟ್ಟಿಗೆ ಹಿಡಿದಿಟ್ಟಿದೆ. ಬಸವನಗುಡಿಯ ಡಿವಿಜಿಯವರ 'ಮಂಕುತಿಮ್ಮನ ಕಗ್ಗ' ಬಂದದ್ದು 1943ರಲ್ಲಿ. ಇಂದಿಗೂ ಮರುಮುದ್ರಣವಾಗುತ್ತಲೇ ಇದೆ. ಇನ್ನು 2007ರ 'ಆವರಣ': ಭೈರಪ್ಪನವರ ಈ ಕಾದಂಬರಿ ಬಂದ ಕೆಲವೇ ತಿಂಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡಿತು. ಆದರೆ ಆಗ ಕಾವೇರಿದ ಚರ್ಚೆ ಹೆಚ್ಚಾಗಿ ಇತಿಹಾಸದ ಬಗ್ಗೆ, ರಾಜಕೀಯದ ಬಗ್ಗೆ. ಕಾದಂಬರಿ ಕಲೆಯ ಮಾತು ಹಿಂದೆ ಉಳಿಯಿತು.

ಒಂದು ವಾರದ ಪಟ್ಟಿಗಿಂತ ಇಪ್ಪತ್ತನೇ ವರ್ಷದ ಮರುಮುದ್ರಣ ಹೆಚ್ಚು ನಂಬಬಹುದಾದ ಸಾಕ್ಷಿ. ಮುಂದಿನ ಸಲ ಗಾಂಧಿಬಜಾರಿಗೆ ಹೋದಾಗ ಪಟ್ಟಿಯ ಪುಸ್ತಕ ಕೊಳ್ಳಿ, ತಪ್ಪೇನಿಲ್ಲ. ಜೊತೆಗೆ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಂದನ್ನೂ ಕೈಗೆತ್ತಿಕೊಂಡು ನಾಲ್ಕು ಪುಟ ಓದಿ ನೋಡಿ.