ಪುರುಡು ಕಳೆಯದ ನಕ್ಷತ್ರಗಳು

ಸಂಕ್ರಾಂತಿಯ ರಾತ್ರಿ, ಹತ್ತು ಗಂಟೆ. ಜಯನಗರ 9ನೇ ಬ್ಲಾಕಿನ ಒಂದು ತಾರಸಿ. ಬರಿಗಾಲಿಗೆ ಸಿಮೆಂಟು ತಣ್ಣಗೆ ತಾಗುತ್ತಿದೆ. ಹಳದಿ ಮಾರ್ಗದ ಮೆಟ್ರೊ ಸರ್ರನೆ ರಾಗಿಗುಡ್ಡ ದಾಟುತ್ತದೆ. ನೀರಿನ ಟ್ಯಾಂಕಿನ ಮರೆಗೆ ಬನ್ನಿ, ಬೀದಿದೀಪ ಕಣ್ಣಿಗೆ ಬೀಳಬಾರದು. ದಕ್ಷಿಣಕ್ಕೆ ತಿರುಗಿ ಕತ್ತನ್ನು ಚೆನ್ನಾಗಿ ಹಿಂದಕ್ಕೆ ಚೆಲ್ಲಿ. ಸಾಲಾಗಿ ಮೂರು ಚುಕ್ಕಿ: ಮಹಾವ್ಯಾಧನ ನಡುಪಟ್ಟಿ. ಅದರಿಂದ ಇಳಿಬಿದ್ದ ಕತ್ತಿಯ ಕಡೆ ಬೈನಾಕ್ಯುಲರ್ ಹಿಡಿದರೆ, ಕನ್ನಡಿ ಮೇಲೆ ಉಸಿರು ಬಿಟ್ಟಂಥ ಮಸುಕು.

"ಇಷ್ಟೇನಾ ಅಂಕಲ್?" ಎಳ್ಳು ಬೀರಿ ಮುಗಿಸಿ ಮೇಲೆ ಬಂದ ಪಕ್ಕದ ಮನೆ ಹುಡುಗಿಗೆ ನಿರಾಸೆ. ಕೈಯಲ್ಲಿ ತಲೆ ಮುರಿದ ಸಕ್ಕರೆ ಅಚ್ಚಿನ ಗಿಣಿ.

ಇಷ್ಟೇ. ಆದರೆ ಈ ಬೆಳಕು ಹೊರಟದ್ದು ಸುಮಾರು 1,350 ವರ್ಷಗಳ ಹಿಂದೆ, ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ. ಆ ಮಸುಕಿನೊಳಗಿನ ನಕ್ಷತ್ರಗಳ ವಯಸ್ಸು ಹೆಚ್ಚುಕಡಿಮೆ ಹತ್ತು ಲಕ್ಷ ವರ್ಷ. ಸೂರ್ಯನಿಗೆ 46 ತುಂಬಿದೆ ಎಂದುಕೊಂಡರೆ ಇವು ಹುಟ್ಟಿ ನಾಲ್ಕು ದಿನ. ಪುರುಡೂ ಕಳೆದಿಲ್ಲ.

ನಾಲ್ಕು ದಿನದ ಕೂಸುಗಳು ಸುಮ್ಮನಿರುತ್ತವೆಯೇ? 2003ರ ಜನವರಿಯಲ್ಲಿ, ಇದೇ ಬೀದಿಗಳಲ್ಲಿ ಎಳ್ಳು-ಬೆಲ್ಲದ ತಟ್ಟೆಗಳು ಓಡಾಡುತ್ತಿದ್ದ ದಿನಗಳಲ್ಲೇ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತ ಚಂದ್ರಾ ದೂರದರ್ಶಕ ಸುಮಾರು 13 ದಿನ ಈ ಮಸುಕನ್ನೇ ದಿಟ್ಟಿಸಿತು. 1,600ಕ್ಕೂ ಹೆಚ್ಚು ಕ್ಷ-ಕಿರಣ ಚುಕ್ಕಿಗಳು ಸಿಕ್ಕವು. ಅವುಗಳಲ್ಲಿ ಸೂರ್ಯನಷ್ಟೇ ತೂಕದ ಎಳೆಯ ನಕ್ಷತ್ರಗಳು ಸುಮಾರು ವಾರಕ್ಕೊಮ್ಮೆ ಭಾರಿಯಾಗಿ ಸಿಡಿಯುತ್ತಿದ್ದವು. ಇಂದಿನ ಸೂರ್ಯನ ಜ್ವಾಲೆಗಳು ಅದರ ಮುಂದೆ ಏನೇನೂ ಅಲ್ಲ. ಕಾಂತರೇಖೆಗಳು ಹುರಿಗೊಂಡು, ಕಿತ್ತು, ಮತ್ತೆ ಬೆಸೆಯುವಾಗ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾಯುತ್ತದೆ. ಆಗ ಕ್ಷ-ಕಿರಣ ಉಕ್ಕುತ್ತದೆ. ಕೆಲವು ಗಂಟೆ, ಒಂದೆರಡು ದಿನ, ಆಮೇಲೆ ಇಳಿತ.

ಈ ಏರಿಳಿತದ ಸರಾಸರಿ ತೆಗೆದು ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಕುತೂಹಲವಿರುವುದು ಈ ರಂಪಾಟದ ದಿನಗಳ ಮೇಲೆ. ಏಕೆಂದರೆ ಕೂಸಿನ ಸುತ್ತ ದೂಳು-ಅನಿಲದ ತಟ್ಟೆಯಿದೆ, ಗ್ರಹಗಳು ಹರಳುಗಟ್ಟಬೇಕಾದದ್ದು ಅಲ್ಲಿಯೇ. ಕ್ಷ-ಕಿರಣ ಅದಕ್ಕೆ ಬಡಿದು ಅಣುಗಳಿಂದ ಎಲೆಕ್ಟ್ರಾನ್ ಕೀಳುತ್ತದೆ. ಆವರೆಗೆ ಕಾಂತಕ್ಷೇತ್ರಕ್ಕೆ ಕಿವುಡಾಗಿದ್ದ ಅನಿಲ ಈಗ ಅದರ ಎಳೆತಕ್ಕೆ ಸಿಕ್ಕಿ ಕದಡುತ್ತದೆ. ಐಎಂ ಲೂಪಿ ಎಂಬ ಎಳೆಯ ನಕ್ಷತ್ರದ ತಟ್ಟೆಯಲ್ಲಿ ಒಂದು ಅಯಾನಿನ ಹೊಳಪು ದಿಢೀರನೆ ಏರಿ, ಮತ್ತೆ ನೋಡುವಷ್ಟರಲ್ಲಿ ಇಳಿದದ್ದನ್ನು ಚಿಲಿಯ ಆಲ್ಮಾ ದೂರದರ್ಶಕ ಹಿಡಿದಿತ್ತು. ಕ್ಷ-ಕಿರಣದ ಸಿಡಿತವೇ ಕಾರಣವಿರಬೇಕೆಂದು 2017ರಲ್ಲಿ ವರದಿಯಾಯಿತು. ಇತ್ತ ತಟ್ಟೆಯ ಮೇಲ್ಪದರ ಕಾದು ಆಕಾಶಕ್ಕೆ ಆವಿಯಾಗುತ್ತಲೂ ಇರುತ್ತದೆ. ಅನಿಲ ಉಳಿಯುವುದು ಕೆಲವೇ ದಶಲಕ್ಷ ವರ್ಷ. ಗುರುವಿನಂಥ ಹೊಟ್ಟೆಬಾಕ ಪಂಕ್ತಿ ಏಳುವುದರೊಳಗೆ ಉಂಡು ಮುಗಿಸಬೇಕು.

"ಇವತ್ತು ಸಿಡೀತಾ ಇದ್ಯಾ?" ಹುಡುಗಿ ಬೈನಾಕ್ಯುಲರ್ ಕಿತ್ತುಕೊಳ್ಳುತ್ತಾಳೆ.

"ಇದ್ರೂ ನಮಗೆ ಕಾಣಲ್ಲ ಪುಟ್ಟಿ. ಕ್ಷ-ಕಿರಣಾನ ಗಾಳಿ ಮೇಲೇನೇ ನುಂಗಿಬಿಡುತ್ತೆ."

ಅದಕ್ಕೇ ಗಾಳಿಯಾಚೆ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದ ಕಕ್ಷೆ ಹಿಡಿಯಿತು. ಸಮಭಾಜಕದ ಆಸುಪಾಸಿನ ಆ ದಾರಿಯಲ್ಲಿ ನೂರು ನಿಮಿಷದೊಳಗೆ ಒಂದು ಸುತ್ತು. ಅದರ ನೇರಳಾತೀತ ದೂರದರ್ಶಕದ ಹಿಂದಿರುವುದು ಭಾರತೀಯ ಖಭೌತ ಸಂಸ್ಥೆ. ಇಲ್ಲಿಂದ ಬಿಟಿಎಂ, ಮಡಿವಾಳ ದಾಟಿದರೆ ಸಿಗುವ ಕೋರಮಂಗಲದಲ್ಲಿದೆ. ನಕ್ಷತ್ರಕ್ಕೆ ತಟ್ಟೆಯಿಂದ ಅನಿಲ ಸುರಿಯುವುದು ನೇರಳಾತೀತದಲ್ಲಿ ಕಾಣುತ್ತದೆ, ಸಿಡಿತ ಕ್ಷ-ಕಿರಣದಲ್ಲಿ. ಎರಡನ್ನೂ ಒಂದೇ ಹೊತ್ತಿಗೆ ನೋಡಬಲ್ಲ ಉಪಗ್ರಹವಿದು. ಕಂಡದ್ದೆಲ್ಲ ಬಂದು ಸೇರುವುದು ಕೆಂಗೇರಿಯಾಚೆಯ ಬ್ಯಾಲಾಳಿನ ಭೂಕೇಂದ್ರಕ್ಕೆ.

"ನಮ್ಮ ಸೂರ್ಯನೂ ಹೀಗೇ ಇದ್ನಾ?"

"ಇದ್ದ."

ಕೆಳಗಿನಿಂದ ಅಜ್ಜಿಯ ಕೂಗು: "ತಟ್ಟೆ ಎಲ್ಲೇ ಬಿಟ್ಟೆ?" ಹುಡುಗಿ ಓಗೊಡುವುದಿಲ್ಲ. ಕತ್ತಿಯ ಮಸುಕನ್ನು ಇನ್ನೊಮ್ಮೆ ಹುಡುಕುತ್ತಿದ್ದಾಳೆ, ಉಸಿರು ಬಿಗಿಹಿಡಿದು, ಬೈನಾಕ್ಯುಲರ್ ಅಲುಗಾಡದಂತೆ.